ಬ್ರಾಂಪ್ಟನ್ ಜೀಪಿನ ಪುನರ್ಜನ್ಮ

ಊರಿನಿಂದ ನೆಂಟರು ಬಂದರೆ ನಾವು ಟೊರಾಂಟೊ ಕನ್ನಡಿಗರೆಲ್ಲ ಒಪ್ಪಿಸುವ ಪಟ್ಟಿ ಒಂದೇ. ಮೊದಲ ದಿನ ಸಿ.ಎನ್. ಟವರ್, ಎರಡನೆಯ ದಿನ ನಯಾಗರಾ, ಮೂರನೆಯ ದಿನ ದೇವಸ್ಥಾನ, ನಾಲ್ಕನೆಯ ದಿನ ಮಾಲು. ರಜೆ ಮಿಕ್ಕಿದ್ದರೆ ಸಾವಿರ ದ್ವೀಪಗಳು. ಈ ಲೇಖನದಲ್ಲಿ ನಾನು ನಿಮ್ಮನ್ನು ಕರೆದೊಯ್ಯುವ ಪ್ರವಾಸ ಸ್ವಲ್ಪ ಬೇರೆ ಥರದ್ದು. ಇಲ್ಲದೇ ಹೋದ ಒಂದು ಕಾರ್ಖಾನೆ, ಒಂದು ಗುಜರಿ ಅಂಗಳ, ನಮ್ಮ ಮನೆಯ ಗರಾಜು, ಒಂದು ಸೇನಾ ಸಂಗ್ರಹಾಲಯ, ಕೊನೆಗೊಂದು ಬೆಟ್ಟದ ರಸ್ತೆ. ಇಪ್ಪತ್ತು ವರ್ಷದಿಂದ ಇದೇ ಊರಿನಲ್ಲಿದ್ದರೂ ಇವನ್ನೆಲ್ಲ ನಾನು ನೋಡಿದ್ದು ಈಚಿನ ಎರಡು ವರ್ಷಗಳಲ್ಲಿ. ತೋರಿಸಿದ್ದು 1988ರ ಮಾಡೆಲ್ಲಿನ ಒಂದು ಜೀಪು ಮತ್ತು ಅದರ ಹಿಂದೆ ಬಿದ್ದ ನನ್ನ ಮಗ.

ಮೊದಲ ನಿಲ್ದಾಣ: ಕೆನಡಿ ರಸ್ತೆ

ಬ್ರಾಂಪ್ಟನ್ನಿನ ಕೆನಡಿ ರಸ್ತೆಯನ್ನು ನಮ್ಮಲ್ಲಿ ನೋಡದವರು ಯಾರು? ಕರಿಬೇವಿಗೆ, ಸೋನಾ ಮಸೂರಿಗೆ, ಮಕ್ಕಳ ಕ್ಲಾಸಿಗೆ ಅಂತ ಎಷ್ಟು ಸಲ ಓಡಾಡಿದ್ದೇವೋ! ಈ ರಸ್ತೆಯ ಪಕ್ಕದಲ್ಲೇ ಒಂದು ಕಾಲದಲ್ಲಿ ಜೀಪು ತಯಾರಾಗುತ್ತಿತ್ತು ಎಂದು ಮಾತ್ರ ನನಗೆ ಗೊತ್ತಿರಲಿಲ್ಲ. ಅಮೆರಿಕನ್ ಮೋಟರ್ಸ್ ಕಂಪನಿ 1961ರಿಂದ ಇಲ್ಲಿ ರ್‍ಯಾಂಬ್ಲರ್ ಕಾರುಗಳನ್ನು ಕಟ್ಟಿತು. 1986ರಲ್ಲಿ ಜೀಪ್ ರ್‍ಯಾಂಗ್ಲರ್ ಎಂಬ ಹೊಸ ಗಾಡಿ ಇದೇ ಕಾರ್ಖಾನೆಯಿಂದ ಹೊರಬರತೊಡಗಿತು. ವೈ.ಜೆ. ಎನ್ನುವುದು ಅದರ ಒಳಹೆಸರು. ಜೀಪಿನ ದುಂಡು ಕಣ್ಣಿನ ಜಾಗದಲ್ಲಿ ಚೌಕದ ದೀಪಗಳು ಬಂದಿದ್ದು ಇದಕ್ಕೇ. ಮರುವರ್ಷ, ಅಂದರೆ 1987ರಲ್ಲಿ, ಕ್ರೈಸ್ಲರ್ ಕಂಪನಿ ಅಮೆರಿಕನ್ ಮೋಟರ್ಸನ್ನು ಕೊಂಡುಕೊಂಡಿತು. 1992ರಲ್ಲಿ ರ್‍ಯಾಂಗ್ಲರ್ ಕೆಲಸ ಗಡಿ ದಾಟಿ ಒಹಾಯೊ ರಾಜ್ಯದ ಟೊಲೆಡೊಗೆ ಹೋಯಿತು. ಕೆನಡಿ ರಸ್ತೆಯ ಕಾರ್ಖಾನೆ ಈಗಿಲ್ಲ.

ನಿಮ್ಮ ಪರಿಚಯದವರ ಹತ್ತಿರ ಆ ಕಾಲದ ರ್‍ಯಾಂಗ್ಲರ್ ಇದ್ದರೆ ಗಾಜಿನ ಕೆಳಗೆ ಬಗ್ಗಿ ಅದರ ವಿನ್ ಸಂಖ್ಯೆ ನೋಡಿ. ಮೊದಲ ಅಂಕಿ 2 ಎಂದಿದ್ದರೆ ಅದು ಕೆನಡಾದಲ್ಲಿ ಹುಟ್ಟಿದ್ದು. ನಾವು ಕೊಂಡ ಜೀಪಿನದ್ದು 2ರಿಂದಲೇ ಶುರು. ಮಾರಿದವರು ಎಂಬತ್ತು ದಾಟಿದ ಹಿರಿಯರು. ಪೋರ್ಚುಗಲ್ಲಿನಿಂದ ಬಂದು ಇದೇ ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುವ ಕೆಲಸ ಮಾಡಿದವರು. ತಮ್ಮ ಸಾಲಿನಿಂದ ಹೊರಟ ಗಾಡಿಯನ್ನೇ ಕೊಂಡು, ಪ್ರತಿವರ್ಷ ಚಳಿಗಾಲಕ್ಕೆ ಮುಂಚೆ ಅಡಿಗೆಲ್ಲ ಎಣ್ಣೆ ಹೊಡೆಸಿ ಕಾಪಾಡಿದ್ದರು. 2024ರ ವಸಂತದಲ್ಲಿ ನಾನೂ ಮಗನೂ ನೋಡಲು ಹೋದಾಗ ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಹಿಂದಿನ ಹೌಸಿಂಗಿನಿಂದ ಎಣ್ಣೆ ಸೋರುತ್ತಿತ್ತು. ಮಗ ಅದಾವುದಕ್ಕೂ ತಲೆ ಕೆಡಿಸಿಕೊಳ್ಳದೆ ಗಾಡಿಯಡಿ ಮಲಗಿ ಸುತ್ತಿಗೆಯ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ಕುಟ್ಟುತ್ತಾ ಹೋದ. ಎಲ್ಲ ಕಡೆ ಗಂಟೆಯ ಹಾಗೆ ನಾದ. "ಅಪ್ಪ, ಫ್ರೇಮ್ ಚೆನ್ನಾಗಿದೆ. ಉಳಿದಿದ್ದೆಲ್ಲ ಸಿಗುತ್ತೆ" ಅಂದ. ಆ ಹಿರಿಯರು ಒಂದೇ ಒಂದು ಷರತ್ತು ಹಾಕಿದರು: ಬಿಡಿಬಿಡಿಯಾಗಿ ಬಿಚ್ಚಿ ಮಾರಬಾರದು, ಓಡಿಸಬೇಕು.

ಕೆನಡಾದ ರಸ್ತೆಗಳಿಗೆ ವರ್ಷಕ್ಕೆ ಸುಮಾರು 50 ಲಕ್ಷ ಟನ್ ಉಪ್ಪು ಬೀಳುತ್ತದಂತೆ. ಇಲ್ಲಿ ಹಳೆಯ ಗಾಡಿಗಳು ಸಾಯುವುದು ಎಂಜಿನ್ ಕೆಟ್ಟು ಅಲ್ಲ, ಬೆನ್ನುಮೂಳೆ ಕರಗಿ. ಮಗ ಮೊದಲು ಚಾಸಿ ಕುಟ್ಟಿದ್ದು ಅದಕ್ಕೇ.

ನಡುವೆ ಒಂದು ಸುತ್ತು ಮಲೆನಾಡು

ಎಂಜಿನ್ ಬದಲಿಸುವುದು ಅಂದರೆ ಇಲ್ಲಿಯ ಗೆಳೆಯರಿಗೆ ಸಾಹಸ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯವರಿಗೆ ಅದೇನೂ ಹೊಸದಲ್ಲ. 1940ರ ದಶಕದ ಕೊನೆಯಲ್ಲಿ ಮಹೀಂದ್ರಾದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದ ಮೇಲೆ ಕಾಫಿ ತೋಟಗಳಿಗೆ ಜೀಪೇ ಎತ್ತು, ಜೀಪೇ ಗಾಡಿ, ಜೀಪೇ ಆಂಬುಲೆನ್ಸ್. ನನ್ನ ಅಪ್ಪನದೂ ಒಂದು ಪೆಟ್ರೋಲ್ ಜೀಪಿತ್ತು. ಗೊಬ್ಬರದ ಮೂಟೆ, ಕೂಲಿಯಾಳು, ಹೆರಿಗೆ ನೋವಿನ ಹೆಂಗಸರು, ಮದುವೆ ದಿಬ್ಬಣ, ಎಲ್ಲಕ್ಕೂ ಅದೊಂದೇ. ಪೆಟ್ರೋಲಿನ ಬೆಲೆ ಏರುತ್ತಾ ಹೋದಂತೆ ತೋಟದವರೆಲ್ಲ ಒಬ್ಬೊಬ್ಬರಾಗಿ ಡೀಸೆಲ್ ಎಂಜಿನ್ ಕೂರಿಸತೊಡಗಿದರು. ಯಾರದೋ ಟ್ರಾಕ್ಟರಿನದು, ಯಾರದೋ ಮೆಟಡೋರ್ ವ್ಯಾನಿನದು. ನಮ್ಮದಕ್ಕೆ ಬಂದಿದ್ದು ಮೆಟಡೋರಿನ ಎಂಜಿನ್.

ಅದನ್ನು ಕೂರಿಸಿದ ಮೇಸ್ತ್ರಿಗೆ ನಕ್ಷೆ ಓದಲು ಬರುತ್ತಿರಲಿಲ್ಲ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಬೇಕಾದ ಕಬ್ಬಿಣದ ತಟ್ಟೆಯನ್ನು ರಟ್ಟಿನಲ್ಲಿ ಕತ್ತರಿಸಿ, ಹಾಸನದ ಲೇತಿನಲ್ಲಿ ತಿರುಗಿಸಿ ತಂದರು. ಡೀಸೆಲ್ ಎಂಜಿನ್ ಭಾರ ಹೆಚ್ಚು ಅಂತ ಮುಂದಿನ ಕಮಾನಿಗೆ ಇನ್ನೊಂದು ಪಟ್ಟಿ ಸೇರಿಸಿದರು. ಡೀಸೆಲ್ ಎಂಜಿನ್ ಪೆಟ್ರೋಲಿನಷ್ಟು ಬಿರುಸಾಗಿ ಸುತ್ತುವುದಿಲ್ಲ, ಆದ್ದರಿಂದ ಕ್ರೌನ್-ಪಿನಿಯನ್ನಿನ ಲೆಕ್ಕವನ್ನೂ ಬದಲಾಯಿಸಬೇಕು ಅಂದರು. ಇದನ್ನೆಲ್ಲ ನೋಡುತ್ತಾ ನಿಂತಿದ್ದ ನನಗೆ ಅಪ್ಪ ಹೇಳಿದ್ದು ಒಂದೇ ಮಾತು: "ನೀನು ಗ್ರೀಸ್ ಮುಟ್ಟಬೇಡ, ಒಳಗೆ ಹೋಗಿ ಓದ್ಕೋ." ನಾನು ಓದಿಕೊಂಡೆ. ಹಾಸನದಲ್ಲಿ ಎಂಜಿನಿಯರಿಂಗು, ಬೆಂಗಳೂರಿನಲ್ಲಿ ಸಾಫ್ಟ್‌ವೇರು, ಆಮೇಲೆ ಮಿಸ್ಸಿಸಾಗಾ. ನಮ್ಮಲ್ಲಿ ಅರ್ಧಕ್ಕರ್ಧ ಜನರ ಕಥೆ ಇದೇ ತಾನೆ?

ಎರಡನೆಯ ನಿಲ್ದಾಣ: ಗುಜರಿ

ನಮ್ಮ 1988ರ ಜೀಪಿನಲ್ಲಿ ಇದ್ದದ್ದು 4.2 ಲೀಟರಿನ ಆರು ಸಿಲಿಂಡರ್ ಎಂಜಿನ್, ಕಾರ್ಬ್ಯುರೇಟರಿನದು. ಶಕ್ತಿ 112 ಕುದುರೆಗಳದ್ದು. 1991ರಿಂದ ಅದರ ಜಾಗಕ್ಕೆ 4.0 ಲೀಟರಿನ ಫ್ಯುಯಲ್ ಇಂಜೆಕ್ಷನ್ ಎಂಜಿನ್ ಬಂತು. ಗಾತ್ರ ಸ್ವಲ್ಪ ಕಿರಿದು, ಶಕ್ತಿ 180. ಎರಡೂ ವಿಸ್ಕಾನ್ಸಿನ್ನಿನ ಕೆನೋಶಾ ಊರಿನ ಎಂಜಿನ್ ಕಾರ್ಖಾನೆಯ ಕೂಸುಗಳು. 1964ರಲ್ಲಿ ಶುರುವಾದ ಒಂದೇ ವಂಶದವು. ಅಣ್ಣನ ಅಂಗಿ ತಮ್ಮನಿಗೆ ಆಗುವ ಹಾಗೆ, ಒಂದು ಕೂರುವ ಜಾಗದಲ್ಲಿ ಇನ್ನೊಂದು ಹೆಚ್ಚು ತಕರಾರಿಲ್ಲದೆ ಕೂರುತ್ತದೆ. ಮಗ ತಿಂಗಳುಗಟ್ಟಲೆ ಹುಡುಕಿ ಆರೆಂಜ್‌ವಿಲ್ ಕಡೆಯ ಹೊಲವೊಂದರಲ್ಲಿ 1994ರ ಒಂದು ರ್‍ಯಾಂಗ್ಲರ್ ಪತ್ತೆ ಮಾಡಿದ. ಅದರ ಚಾಸಿ ಕೈಯಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಎಂಜಿನ್ ಮಾತ್ರ ಮೊದಲ ಸುತ್ತಿಗೇ ಗುಡುಗಿತು. ಆ ಗಾಡಿ ಜೋಡಣೆಯಾಗಿದ್ದು ಟೊಲೆಡೊದಲ್ಲಿ! ಬ್ರಾಂಪ್ಟನ್ನಿನಿಂದ ಹೋದ ಕೆಲಸ ಮೂವತ್ತು ವರ್ಷದ ಮೇಲೆ ಎಂಜಿನ್ನಿನ ರೂಪದಲ್ಲಿ ವಾಪಸ್ಸು ಬಂತು ಎಂದು ನಾನು ನಕ್ಕೆ. ಮಗನಿಗೆ ನಗು ಬರಲಿಲ್ಲ. ಅವನು ಆಗಲೇ ವೈರುಗಳಿಗೆ ಚೀಟಿ ಅಂಟಿಸುತ್ತಿದ್ದ.

ಎಂಜಿನ್ ಆಯಿತು, ಆಕ್ಸಲ್? ಅದಕ್ಕೆ ಹ್ಯಾಮಿಲ್ಟನ್ ದಾರಿಯ ಗುಜರಿಗೆ ಹೋದೆವು. ಬೆಂಗಳೂರಿನ ಶಿವಾಜಿನಗರದ ಗುಜರಿಯನ್ನು ನೆನೆಸಿಕೊಳ್ಳಿ, ಅದನ್ನು ಮೂರು ಕ್ರಿಕೆಟ್ ಮೈದಾನದಷ್ಟು ಹರಡಿ, ಮೇಲೆ ಹಿಮ ಕರಗಿದ ಕೆಸರು ಸುರಿಯಿರಿ. ಇಲ್ಲಿ ಅಂಗಡಿಯವರು ಬಿಚ್ಚಿಕೊಡುವುದಿಲ್ಲ. ನಿಮ್ಮ ಪಾನಾ, ನಿಮ್ಮ ಬೆನ್ನು! ಸಾಲುಸಾಲಾಗಿ ನಿಂತ ಕಾರುಗಳ ನಡುವೆ ಕೆಲವದರಲ್ಲಿ ಮಕ್ಕಳ ಸೀಟು, ಕೆಲವದರಲ್ಲಿ ಗಣಪತಿ, ಒಂದರಲ್ಲಿ ಜಪಮಾಲೆ ಇನ್ನೂ ತೂಗುತ್ತಿತ್ತು. ನಾವು ಹುಡುಕುತ್ತಿದ್ದುದು 1995ರಿಂದ 2001ರ ನಡುವಿನ ಫೋರ್ಡ್ ಎಕ್ಸ್‌ಪ್ಲೋರರ್. ಜೀಪಿಗೆ ಫೋರ್ಡಿನ ಆಕ್ಸಲ್ ಯಾಕೆ ಎಂದು ನಾನೂ ಕೇಳಿದ್ದೆ. ಮಗನ ಉತ್ತರ ಚೊಕ್ಕವಾಗಿತ್ತು. ನಮ್ಮ ಜೀಪಿನ ಹಿಂದಿನ ಕ್ರೌನ್ ಚಕ್ರದ ಅಗಲ ಏಳೂವರೆ ಇಂಚಿನ ಆಸುಪಾಸು, ಎಕ್ಸ್‌ಪ್ಲೋರರಿನದು 8.8 ಇಂಚು. ಆಕ್ಸಲ್ ದಂಡದ ತುದಿಯಲ್ಲಿ ಹಲ್ಲುಗಳು ಅಲ್ಲಿ 27, ಇಲ್ಲಿ 31, ದಂಡವೂ ದಪ್ಪ. ಹಳೆಯದರಲ್ಲಿ ಡ್ರಮ್ ಬ್ರೇಕು, ಇದರಲ್ಲಿ ಡಿಸ್ಕ್ ಬ್ರೇಕು. ಇಷ್ಟೆಲ್ಲ ಇದ್ದೂ ಚಕ್ರದ ಐದು ಬೋಲ್ಟುಗಳ ಅಳತೆ ಎರಡರಲ್ಲೂ ಒಂದೇ. ಬೇರೆ ಬೇರೆ ಕಂಪನಿಯವರಿಗೆ ಇಷ್ಟು ಹೊಂದಾಣಿಕೆ ಹೇಗೆ ಬಂತೋ, ನಮ್ಮ ಸಂಘಗಳಿಗೂ ಬರಲಿ!

ಕಷ್ಟವಿದ್ದುದು ಅನುಪಾತದ್ದು. ಕ್ರೌನ್-ಪಿನಿಯನ್ ಅನುಪಾತ ಅಂದರೆ ಚಕ್ರ ಒಂದು ಸುತ್ತು ಬರಲು ಕಾರ್ಡನ್ ದಂಡ ಎಷ್ಟು ಸುತ್ತಬೇಕು ಎಂಬ ಲೆಕ್ಕ. ಫೋರ್‌ವೀಲ್ ಹಾಕಿದಾಗ ಮುಂದಿನ ದಂಡವೂ ಹಿಂದಿನ ದಂಡವೂ ಒಂದೇ ನೊಗಕ್ಕೆ ಬೀಳುತ್ತವೆ. ಎರಡೂ ಕಡೆ ಅನುಪಾತ ಬೇರೆ ಇದ್ದರೆ, ಒಂದು ಎತ್ತು ಓಡಿ ಒಂದು ಎತ್ತು ನಡೆದ ಹಾಗೆ, ನೊಗ ಮುರಿಯಬೇಕು ಇಲ್ಲ ಎತ್ತು ಬೀಳಬೇಕು. ನಾಲ್ಕು ಸಿಲಿಂಡರಿನ ರ್‍ಯಾಂಗ್ಲರುಗಳ ಮುಂದಿನ ಆಕ್ಸಲಿನಲ್ಲಿ ಅನುಪಾತ 4.11. ಎಕ್ಸ್‌ಪ್ಲೋರರುಗಳಲ್ಲಿ ಕೆಲವೇ ಕೆಲವಕ್ಕೆ 4.10. ಆ ಪುಟ್ಟ ವ್ಯತ್ಯಾಸ ಲೆಕ್ಕಕ್ಕಿಲ್ಲ, ಟೈರ್ ಸವೆತದಲ್ಲೇ ಮುಚ್ಚಿಹೋಗುತ್ತದೆ. ಎಕ್ಸ್‌ಪ್ಲೋರರಿನ ಬಾಗಿಲು ತೆಗೆದರೆ ಕಂಬದ ಮೇಲಿನ ಚೀಟಿಯಲ್ಲಿ ಆಕ್ಸಲಿನ ಗುರುತಿರುತ್ತದೆ. 42 ಅಥವಾ ಡಿ-2 ಎಂದಿದ್ದರೆ 4.10. ಮೂರು ಶನಿವಾರ, ಲೆಕ್ಕವಿಲ್ಲದಷ್ಟು ಬಾಗಿಲು. ಮೂರನೆಯ ಶನಿವಾರ ಮಧ್ಯಾಹ್ನ ಸಾಲಿನ ತುದಿಯಿಂದ ಮಗ ಕೂಗಿದ: "ಅಪ್ಪ, ಸಿಕ್ತು!" ಲಾಟರಿ ಹೊಡೆದವರೂ ಹಾಗೆ ಕೂಗಿರಲಿಕ್ಕಿಲ್ಲ.

ಮೂರನೆಯ ನಿಲ್ದಾಣ: ನಮ್ಮ ಗರಾಜು

2024ರ ಬೇಸಿಗೆಯಿಡೀ ಎಂಜಿನ್ನಿಗೆ ಹೋಯಿತು. ಬಾಡಿಗೆಗೆ ತಂದ ಕ್ರೇನಿನಲ್ಲಿ ಹಳೆಯದನ್ನು ಎತ್ತಿದೆವು, ಹೊಸದನ್ನು ಅದರ ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸುಗಳ ಸಮೇತ ಇಳಿಸಿದೆವು. 1988ರದ್ದರಲ್ಲಿ ಇದ್ದದ್ದು ಪ್ಯೂಜೋ ಗೇರ್‌ಬಾಕ್ಸ್. 1989ರ ನಡುವಿನಿಂದ ಜಪಾನಿನ ಐಸಿನ್ ಕಂಪನಿಯದು ಬಂತು. ಎಂಜಿನ್ ಹೊರಗಿನಿಂದ ಕೂತರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಕಾರ್ಬ್ಯುರೇಟರಿಗೆ ನಾಲ್ಕೈದು ಪೌಂಡು ಒತ್ತಡದಲ್ಲಿ ಪೆಟ್ರೋಲು ಬಂದರೆ ಸಾಕು. ಇಂಜೆಕ್ಷನ್ನಿಗೆ ಅದರ ಹಲವು ಪಟ್ಟು ಬೇಕು. ಆದ್ದರಿಂದ ಒಳಗೆ ಪಂಪಿರುವ ಟ್ಯಾಂಕು, ಹೊಸ ಪೈಪು, ಕಂಪ್ಯೂಟರು, ಅದರ ವೈರಿನ ಜಡೆ, ಎಲ್ಲವೂ 1994ರ ಗಾಡಿಯಿಂದಲೇ ಬರಬೇಕು. ಸಾಫ್ಟ್‌ವೇರಿನವನಾದ ನನಗೆ ಗೌರವ ಸಿಕ್ಕಿದ್ದು ಅಲ್ಲಿ ಮಾತ್ರ. ಯಾವ ವೈರು ಎಲ್ಲಿಗೆ ಎಂದು ಎಕ್ಸೆಲ್ ಹಾಳೆ ಮಾಡಿಕೊಟ್ಟೆ. ಉಳಿದಂತೆ ಟಾರ್ಚ್ ಹಿಡಿಯುವುದು ನನ್ನ ಖಾತೆ.

ಈ ಕೆಲಸದಲ್ಲಿ ಇನ್ನೊಂದು ಲಾಭವಾಯಿತು, ಅದನ್ನು ನಾನು ಲೆಕ್ಕ ಹಾಕಿರಲಿಲ್ಲ. ನಮ್ಮ ಹುಡುಗ ಸಂಘದ ಕನ್ನಡ ಕಲಿ ತರಗತಿಯಲ್ಲಿ ಮೂರು ವರ್ಷ ಕೂತವನು. ಅ, ಆ ಬರುತ್ತದೆ. ಅಜ್ಜನ ಜೊತೆ ಫೋನಿನಲ್ಲಿ "ಚೆನ್ನಾಗಿದೀನಿ, ಊಟ ಆಯ್ತು" ಆದ ಮೇಲೆ ಮಾತು ಮುಗಿಯುತ್ತಿತ್ತು. ಒಂದು ಭಾನುವಾರ ವಾಟ್ಸ್ಆ್ಯಪ್ ಕ್ಯಾಮರಾವನ್ನು ಎಂಜಿನ್ನಿನತ್ತ ತಿರುಗಿಸಿದ. ಸಕಲೇಶಪುರದಲ್ಲಿ ಜಗುಲಿಯ ಮೇಲೆ ಕೂತಿದ್ದ ನನ್ನ ಅಪ್ಪ ಕನ್ನಡಕ ಹಾಕಿಕೊಂಡು ಮುಂದೆ ಬಗ್ಗಿದರು. "ಪುಟ್ಟಾ, ಮೌಂಟಿಂಗ್ ರಬ್ಬರ್ ಹೊಸದು ಹಾಕಿದ್ಯಾ? ಹಳೇದು ಹಾಕ್ಬೇಡ, ನಡುಗುತ್ತೆ." ಆ ದಿನದಿಂದ ಭಾನುವಾರದ ಫೋನು ಐದು ನಿಮಿಷದಿಂದ ಮುಕ್ಕಾಲು ಗಂಟೆಯಾಯಿತು. ಸೋರುತ್ತಿದೆ, ಬಿಗಿ, ಸಡಿಲ, ಕಿತ್ತುಬಂತು, ಕಚ್ಚಿಕೊಂಡಿದೆ, ಸವೆದಿದೆ: ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಕ್ರಿಯಾಪದಗಳು ಅವನ ಬಾಯಿಗೆ ಬಂದವು. ನನಗೆ ಗ್ರೀಸ್ ಮುಟ್ಟಬೇಡ ಎಂದಿದ್ದ ಅಪ್ಪ, ಮೊಮ್ಮಗನಿಗೆ ಗ್ರೀಸ್ ಎಲ್ಲೆಲ್ಲಿ ಹಚ್ಚಬೇಕು ಎಂದು ಪಾಠ ಮಾಡುವುದನ್ನು ನಾನು ಟಾರ್ಚ್ ಹಿಡಿದುಕೊಂಡೇ ಕೇಳಿದೆ.

ನಾಲ್ಕನೆಯ ನಿಲ್ದಾಣ: ಓಶಾವಾ

ಡಿಸೆಂಬರ್ ಬಂತು, ಗರಾಜಿನಲ್ಲಿ ಪಾನಾ ಹಿಡಿದರೆ ಕೈಗೆ ಅಂಟಿಕೊಳ್ಳುವಷ್ಟು ಚಳಿ. ಕೆಲಸ ನಿಂತಿತು. ಆಗ ಮಗ ನನ್ನನ್ನು ಓಶಾವಾದ ಒಂಟಾರಿಯೊ ರೆಜಿಮೆಂಟ್ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ. ಟ್ಯಾಂಕು, ಜೀಪು, ಲಾರಿಗಳು ಅಲ್ಲಿ ಗಾಜಿನ ಹಿಂದಿನ ಗೊಂಬೆಗಳಲ್ಲ, ಬಹಳಷ್ಟನ್ನು ಸ್ವಯಂಸೇವಕರು ಓಡುವ ಸ್ಥಿತಿಯಲ್ಲಿ ಇಟ್ಟಿದ್ದಾರೆ. ಮಕ್ಕಳಿರುವವರು ಒಮ್ಮೆ ಹೋಗಿ ಬನ್ನಿ.

ಎರಡನೆಯ ಮಹಾಯುದ್ಧದಲ್ಲಿ ಕೆನಡಾ 8 ಲಕ್ಷಕ್ಕೂ ಹೆಚ್ಚು ಸೇನಾ ವಾಹನಗಳನ್ನು ತಯಾರಿಸಿತು. ಅವುಗಳಲ್ಲಿ ಅರ್ಧದಷ್ಟು ಒಂದೇ ಮಾದರಿಯ ಲಾರಿಗಳು. ಬ್ರಿಟಿಷ್ ಸೇನೆಯ ಅಳತೆಗೆ ಕಟ್ಟಿದ್ದು, ಬಲಗಡೆ ಸ್ಟಿಯರಿಂಗು, ಮೊಂಡು ಮೂಗು. ಸ್ವಾರಸ್ಯ ಏನೆಂದರೆ ಇವನ್ನು ಕಟ್ಟಿದ್ದು ಪರಸ್ಪರ ಮುಖ ನೋಡದ ಎರಡು ಕಂಪನಿಗಳು. ವಿಂಡ್ಸರಿನಲ್ಲಿ ಫೋರ್ಡ್, ಓಶಾವಾದಲ್ಲಿ ಜನರಲ್ ಮೋಟರ್ಸ್. ಹೊರಮೈ ಹೆಚ್ಚುಕಡಿಮೆ ಒಂದೇ. ಒಳಗೆ ಒಂದರಲ್ಲಿ ಫೋರ್ಡಿನ ವಿ-8, ಇನ್ನೊಂದರಲ್ಲಿ ಷೆವರ್ಲೆಯ ಸಾಲು ಆರು ಸಿಲಿಂಡರು. ಒಂದೇ ಅಂಗಿಯಲ್ಲಿ ಎರಡು ಹೃದಯ! ಪೆಟ್ಟಿಗೆಗಳಲ್ಲಿ ಬಿಡಿಯಾಗಿ ತುಂಬಿ ಸಾಗಿಸಿ, ಭಾರತವೂ ಸೇರಿದಂತೆ ದೂರದ ದೇಶಗಳಲ್ಲಿ ಜೋಡಿಸಿಕೊಳ್ಳುತ್ತಿದ್ದರು. ಅಂದಿನ ಫೋರ್ಡ್ ಇಂಡಿಯಾ ಕಂಪನಿ 1926ರಲ್ಲಿ ಹುಟ್ಟಿದ್ದೇ ಫೋರ್ಡ್ ಕೆನಡಾದ ಮಗಳಾಗಿ. ಕೆನಡಾದ ಫೋರ್ಡ್ ಚಾಸಿಯ ಮೇಲೆ ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕವಚ ಹೊದಿಸಿದ ಗಾಡಿಗಳೂ ಆ ಯುದ್ಧದಲ್ಲಿ ಓಡಿವೆ. ನಾವು ವಿಮಾನದಲ್ಲಿ ಇಲ್ಲಿಗೆ ಬರುವುದಕ್ಕೆ ಎಷ್ಟೋ ಮುಂಚೆ ಇಲ್ಲಿಯ ಕಬ್ಬಿಣ ಹಡಗಿನಲ್ಲಿ ಅಲ್ಲಿಗೆ ಹೋಗಿತ್ತು.

ಇದೇ ಊರಿನ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ 2019ರ ಡಿಸೆಂಬರಿನಲ್ಲಿ ಗಾಡಿ ತಯಾರಿಕೆ ನಿಂತಿತು. 2021ರಲ್ಲಿ ಮತ್ತೆ ಶುರುವಾಯಿತು. ವಾಪಸ್ಸು 401ರಲ್ಲಿ ಬರುವಾಗ ನಾನು ಅದನ್ನೇ ಹೇಳುತ್ತಿದ್ದೆ. ಸ್ಕಾರ್ಬರೊ ಹತ್ತಿರ ಮಗ, "ಅಪ್ಪ, ವಾರ್ಡನ್‌ನಲ್ಲಿ ಇಳಿಯೋಣ, ಒಂದು ಜಾಗ ತೋರಿಸ್ತೀನಿ" ಅಂದ. ಸೆಂಟೆನಿಯಲ್ ಕಾಲೇಜಿನ ಆಷ್ಟನ್‌ಬೀ ಕ್ಯಾಂಪಸ್ಸು. ಗಾಡಿ, ಲಾರಿ ದುರಸ್ತಿ ಕಲಿಸುವ ದೊಡ್ಡ ಶಾಲೆ. ಕಾರು ನಿಲ್ಲಿಸಿ ಎಂಜಿನ್ ಆರಿಸಿದ ಮೇಲೆ ನಿಧಾನವಾಗಿ ಹೇಳಿದ: ತನಗೆ ವಾಟರ್ಲೂ ಬೇಡ, ಯೂನಿವರ್ಸಿಟಿಯೇ ಬೇಡ, ಈ ಕಸುಬು ಬೇಕು.

ಮನೆಯಲ್ಲಿ ಏನಾಯಿತು ಎಂದು ವಿವರಿಸಬೇಕಾಗಿಲ್ಲ. "ರೀ, ಇಷ್ಟು ದೂರ ಬಂದು, ಇಷ್ಟು ಕಷ್ಟಪಟ್ಟು, ಮಗ ಮೆಕ್ಯಾನಿಕ್ ಆಗೋದಾ?" ಎಂದಳು ನನ್ನಾಕೆ. ಅವಳದ್ದು ಡೌಲಿನ ಮಾತಲ್ಲ. ಅವಳ ತಂದೆ ದಾವಣಗೆರೆಯಲ್ಲಿ ಮಿಲ್ಲಿನ ಕೆಲಸದಲ್ಲಿದ್ದವರು, ಮಿಲ್ಲು ಮುಚ್ಚಿದ ದಿನ ಅವಳಿಗೆ ಇನ್ನೂ ನೆನಪಿದೆ. ಕೈಕೆಲಸದವನನ್ನು ಮಾಲೀಕರು ಯಾವ ದಿನ ಬೇಕಾದರೂ ಬೀದಿಗೆ ಬಿಡಬಹುದು ಎಂಬುದು ಅವಳು ಕಂಡುಂಡ ಸತ್ಯ. ಒಂಟಾರಿಯೊದಲ್ಲಿ ಈ ಕಸುಬಿನ ತರಬೇತಿಗೆ ಸುಮಾರು 7,200 ಗಂಟೆ ಬೇಕು, ಅದರಲ್ಲಿ ಬಹುಪಾಲು ಸಂಬಳದ ಕೆಲಸ, ಕೊನೆಗೆ ಪರೀಕ್ಷೆ, ರೆಡ್ ಸೀಲ್ ಮುದ್ರೆ ಬಿದ್ದರೆ ದೇಶದ ಯಾವ ಮೂಲೆಯಲ್ಲೂ ಮಾನ್ಯ ಎಂದೆಲ್ಲ ಮಗ ಕಾಗದ ಹರಡಿ ತೋರಿಸಿದ. ಅವಳು ಓದಿದಳು. ಒಪ್ಪಲಿಲ್ಲ.

ಐದನೆಯ ನಿಲ್ದಾಣ: ಕ್ಯಾಲೆಡನ್ ತಿರುವುಗಳು

2025ರ ಬೇಸಿಗೆಯಲ್ಲಿ ಆಕ್ಸಲುಗಳ ಸರದಿ. ಎಕ್ಸ್‌ಪ್ಲೋರರಿನ ಹೌಸಿಂಗಿನ ಮೇಲಿದ್ದ ಕಮಾನಿನ ಗದ್ದುಗೆಗಳನ್ನು ಕತ್ತರಿಸಿ, ಜೀಪಿನ ಅಳತೆಗೆ ಹೊಸವನ್ನು ಬೆಸೆಯಬೇಕು. ಗದ್ದುಗೆ ಒಂದೆರಡು ಡಿಗ್ರಿ ಓರೆಯಾದರೂ ಪಿನಿಯನ್ನಿನ ಮೂಗು ತಪ್ಪು ಕಡೆ ನೋಡುತ್ತದೆ, ಕಾರ್ಡನ್ ದಂಡ ನಡುಗುತ್ತದೆ. ಮಗ ತಾನು ಅಳತೆ ಮಾಡಿ ಗುರುತು ಹಾಕಿದ, ಬೆಸುಗೆಯನ್ನು ಮಾತ್ರ ಪರವಾನಗಿ ಇರುವ ವೆಲ್ಡರಿಂದಲೇ ಮಾಡಿಸಿದ. ಪ್ರಾಣ ನಿಲ್ಲುವ ಬೆಸುಗೆ ಅದು. ಬ್ರೇಕಿನ ಪೈಪು, ಹ್ಯಾಂಡ್‌ಬ್ರೇಕಿನ ತಂತಿ, ಕಾರ್ಡನ್ನಿನ ಜಾಯಿಂಟು ಎಲ್ಲ ಹೊಸದು.

ಇಂಥ ಸಾಹಸಕ್ಕೆ ಇಳಿಯುವವರಿಗೆ ಎರಡು ಕಿವಿಮಾತು. ಡ್ರೈವ್ ಕ್ಲೀನ್ ಹೊಗೆ ಪರೀಕ್ಷೆ ಕಾರುಗಳಿಗೆ 2019ರ ಏಪ್ರಿಲಿನಲ್ಲೇ ನಿಂತಿದ್ದರೂ ಹೊಗೆ ತಡೆಯುವ ಸಾಧನಗಳನ್ನು ಕಿತ್ತುಹಾಕುವುದು ಈಗಲೂ ಅಪರಾಧ. ಆದ್ದರಿಂದ ಹೊಸ ಎಂಜಿನ್ನಿನ ಜೊತೆ ಅದರ ಕ್ಯಾಟಲಿಟಿಕ್ ಕನ್ವರ್ಟರನ್ನೂ ತನ್ನಿ. ಇನ್ನೊಂದು, ಇನ್ಶೂರೆನ್ಸಿನವರಿಗೆ ಏನೇನು ಬದಲಿಸಿದ್ದೀರಿ ಎಂದು ಮುಂಚೆಯೇ ತಿಳಿಸಿ, ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ರಸ್ತೆಗೆ ಇಳಿಸಲು ಬೇಕಾದ ಸೇಫ್ಟಿ ಸರ್ಟಿಫಿಕೇಟಿಗೆ ಒಂದು ಕಡೆ ಹೋದಾಗ ಫೋರ್ಡ್ ಹೌಸಿಂಗ್ ಕಂಡ ಕೂಡಲೇ "ನಮ್ಮಲ್ಲಿ ಆಗದು" ಅಂದರು. ಇನ್ನೊಂದು ಕಡೆಯ ಪರೀಕ್ಷಕರು ಎರಡು ಗಂಟೆ ಕಾಲ ಒಂದೊಂದು ಬೋಲ್ಟನ್ನೂ ನೋಡಿ ಸಹಿ ಹಾಕಿದರು. ಕಾಗದದ ಆಯುಷ್ಯ 36 ದಿನ, ನಂಬರ್ ಪ್ಲೇಟ್ ಬಂದಿದ್ದು ಮೂರನೇ ದಿನ. "ಈ ಗದ್ದುಗೆಗಳ ಅಳತೆ ಯಾರು ಹಾಕಿದ್ದು?" ಎಂದು ಅವರು ಕೇಳಿದಾಗ ಮಗ ಕೈ ಎತ್ತಿದ. ಅವರು ಮತ್ತೇನೂ ಹೇಳದೆ ತಮ್ಮ ಕಾರ್ಡು ಕೊಟ್ಟರು.

2025ರ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಿತ್ತು. ಡ್ರೈವ್‌ವೇಯಲ್ಲಿ ಜೀಪಿಗೆ ಅರಿಸಿನ ಕುಂಕುಮ, ಚೆಂಡು ಹೂವಿನ ಹಾರ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಕುಂಬಳಕಾಯಿಗೇನೂ ಬರವಿಲ್ಲ, ಹ್ಯಾಲೋವೀನಿನ ತಿಂಗಳಲ್ಲವೇ? ಬೂದುಗುಂಬಳ ಅಲ್ಲ ಅಷ್ಟೆ. ಜೀಪು ಮಾರಿದ ಹಿರಿಯರನ್ನೂ ಕರೆದಿದ್ದೆವು. ಅವರು ಬಾಗಿಲನ್ನು ತೆಗೆದು, ಹಾಕಿ, ಮತ್ತೆ ತೆಗೆದು ಹಾಕಿದರು. ನಿಂಬೆಹಣ್ಣು ಪಚಕ್ಕೆಂದಾಗ ಬೆಚ್ಚಿದರು, ಆಮೇಲೆ ನಕ್ಕರು. ಅವರನ್ನು ಮುಂದೆ ಕೂರಿಸಿಕೊಂಡು ಕ್ಯಾಲೆಡನ್ನಿನ ಫೋರ್ಕ್ಸ್ ಆಫ್ ದ ಕ್ರೆಡಿಟ್ ರಸ್ತೆಗೆ ಹೋದೆವು. ನಯಾಗರಾ ಎಸ್ಕಾರ್ಪ್‌ಮೆಂಟಿನ ಅಂಚಿನಲ್ಲಿ, ಕ್ರೆಡಿಟ್ ನದಿಯ ಪಕ್ಕ, ಹಾವಿನಂತೆ ಹೊರಳುವ ದಾರಿ. ಮೇಪಲ್ ಎಲೆಗಳಿಗೆ ಆಗಷ್ಟೇ ಬೆಂಕಿ ಹೊತ್ತಿತ್ತು. ಚಾರ್ಮಾಡಿಯ ಆಳ ಇಲ್ಲ, ಶಿರಾಡಿಯ ಮಳೆ ಇಲ್ಲ. ಆದರೂ ಎರಡನೇ ಗೇರಿನಲ್ಲಿ ಎಂಜಿನ್ ಗುನುಗುತ್ತಾ ತಿರುವು ಏರುವಾಗ ನನಗೆ ಮೂಗಿಗೆ ಕಾಫಿ ಹೂವಿನ ವಾಸನೆ ಬಂದಂತಾಯಿತು. ಹಿಂದೆ ಬರುವಾಗ 100 ಕಿಲೋಮೀಟರ್ ವೇಗದಲ್ಲಿ ಎಂಜಿನ್ 2,200 ಸುತ್ತು, ಸ್ಟಿಯರಿಂಗು ಅಲುಗಲಿಲ್ಲ.

ಎರಡು ವಾರ ಕಳೆದಿರಲಿಲ್ಲ, ಸುದ್ದಿ ಬಂತು. ಬ್ರಾಂಪ್ಟನ್ನಿನ ಎರಡನೆಯ ಕಾರ್ಖಾನೆಯಲ್ಲಿ, ಅಂದರೆ 2023ರ ಕೊನೆಯಲ್ಲಿ ಡಾಡ್ಜ್ ಚಾರ್ಜರ್, ಚಾಲೆಂಜರುಗಳ ತಯಾರಿಕೆ ನಿಲ್ಲಿಸಿ ಹೊಸ ಗಾಡಿಗೆಂದು ಸಜ್ಜಾಗುತ್ತಿದ್ದ ಜಾಗದಲ್ಲಿ, ಜೀಪ್ ಕಂಪಾಸ್ ತಯಾರಾಗಬೇಕಿತ್ತು. 2025ರ ಅಕ್ಟೋಬರ್ ಮಧ್ಯದಲ್ಲಿ ಸ್ಟೆಲಾಂಟಿಸ್ ಕಂಪನಿ ಆ ಗಾಡಿಯನ್ನು ಅಮೆರಿಕದ ಇಲಿನಾಯ್ ರಾಜ್ಯಕ್ಕೆ ಒಯ್ಯುವುದಾಗಿ ಪ್ರಕಟಿಸಿತು. ಕಾದು ಕೂತಿದ್ದ ಕೆಲಸಗಾರರು ಸುಮಾರು 3,000. ನಮ್ಮ ಸಂಘದಲ್ಲೇ ಆ ಮನೆಗಳವರಿದ್ದಾರೆ, ಅವರ ಮುಂದೆ ನಾನು ಇದನ್ನು ಹಗುರವಾಗಿ ಬರೆಯಲಾರೆ. 1992ರಲ್ಲಿ ಒಂದು ಜೀಪು ಹೋಯಿತು, ಈಗ ಇನ್ನೊಂದು. ನನ್ನಾಕೆ ಟಿ.ವಿ. ಆರಿಸಿ ಮಗನತ್ತ ತಿರುಗಿ, "ನಾನು ಹೇಳಿದ್ದು ಇದೇ" ಅಂದಳು.

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತನ್ನ ಅರ್ಧಂಬರ್ಧ ಕನ್ನಡದಲ್ಲೇ ಹೇಳಿದ: "ಅಮ್ಮ, ಗಾಡಿ ಮಾಡೋರು ಹೋಗ್ತಾರೆ. ಗಾಡಿ ಇಲ್ಲೇ ಇರತ್ತಲ್ಲ? ಅದು ಕೆಟ್ಟರೆ ಇಲ್ಲಿಯವರೇ ಮುಟ್ಬೇಕು. ಅಜ್ಜನ ಜೀಪ್ ಮಾಡಿದ ಕಂಪನಿ ಸಕಲೇಶಪುರದಲ್ಲಿ ಇತ್ತಾ?"

ಇರಲಿಲ್ಲ. ವಿಲ್ಲಿಸ್ ಎಂಬ ಹೆಸರೇ ಅಳಿದ ಮೇಲೂ ಮಲೆನಾಡಿನಲ್ಲಿ ಆ ಜೀಪುಗಳು ಓಡಿದ್ದು ಮುಂಬಯಿಯಿಂದಲ್ಲ, ಟೊಲೆಡೊದಿಂದಲ್ಲ, ಮೂಡಿಗೆರೆಯ, ಸಕಲೇಶಪುರದ ಶೆಡ್ಡುಗಳಿಂದ. ಮಾಡುವ ಕಾರ್ಖಾನೆ ದುಡ್ಡು ಇರುವ ಕಡೆ ಹಾರುತ್ತದೆ, ರಿಪೇರಿಯ ವಿದ್ಯೆ ಗಾಡಿ ಇರುವ ಕಡೆ ಬೇರು ಬಿಡುತ್ತದೆ. ಇಷ್ಟು ವರ್ಷ ಓದಿದ ನನಗೆ ಈ ಉತ್ತರ ಹೊಳೆದಿರಲಿಲ್ಲ. ಗಾಡಿಗಳೂ ಬ್ಯಾಟರಿಯವಾಗುತ್ತಿವೆ, ನಾಳೆ ಈ ಕಸುಬು ಹೇಗಿರುತ್ತದೋ ಎಂಬ ಭಯ ನನಗಿನ್ನೂ ಇದೆ. ನನ್ನಾಕೆಗೂ ಇದೆ. ಆದರೆ ನವೆಂಬರಿನಲ್ಲಿ ಆಷ್ಟನ್‌ಬೀಗೆ ಮಗನ ಜೊತೆ ಹೋದವಳು ಅವಳೇ. ಬ್ಯಾಟರಿ ಗಾಡಿಯ ಪಾಠ ಎಷ್ಟು ಇರುತ್ತೆ, ಹುಡುಗಿಯರು ಎಷ್ಟು ಜನ ಕಲಿಯುತ್ತಾರೆ, ಕೆಲಸ ಕೊಡುವವರು ಯಾರು ಎಂದು ಅಲ್ಲಿಯವರನ್ನು ಅರ್ಧ ಗಂಟೆ ಪ್ರಶ್ನೆ ಕೇಳಿ ಬಂದಳಂತೆ. ಅರ್ಜಿ ಅಲ್ಲಿಗೂ ಹೋಗಿದೆ, ಒಂದು ಯೂನಿವರ್ಸಿಟಿಗೂ ಹೋಗಿದೆ. ನಮ್ಮ ಮನೆಯ ಅನುಪಾತವೂ ಸದ್ಯಕ್ಕೆ 4.10 ಮತ್ತು 4.11. ಅಷ್ಟು ವ್ಯತ್ಯಾಸದಲ್ಲಿ ಗಾಡಿ ಓಡುತ್ತದೆ.

ಬೇಸಿಗೆಯ ಪಿಕ್ನಿಕ್ಕಿಗೆ ಜೀಪನ್ನು ತರುತ್ತೇವೆ. ನಿಮ್ಮ ಮಕ್ಕಳನ್ನು ಹಿಂದೆ ಕೂರಿಸಿ ಒಂದು ಸುತ್ತು ಹಾಕಿಸೋಣ. ಎಂಜಿನ್ ಬಗ್ಗೆ ಏನಾದರೂ ಕೇಳುವುದಿದ್ದರೆ ನನ್ನನ್ನಲ್ಲ, ಮಗನನ್ನು ಕೇಳಿ. ಕನ್ನಡದಲ್ಲೇ ಕೇಳಿ, ಹೇಳುತ್ತಾನೆ.